ನಮ್ಮ ಕಾಸರಗೋಡಿನ ಪಾಲಿಯೇಟಿವ್ ಸಿಸ್ಟರ್

ನಿಮ್ಮಲ್ಲಿ ದೊಡ್ಡ ಆಸ್ಪತ್ರೆಗಳೇ ಕಡಿಮೆಯಂತೆ, ಹಾಸಿಗೆ ಹಿಡಿದವರನ್ನು ಯಾರು ನೋಡ್ತಾರೆ ಅಂತ ಕೇಳಿದ್ದೀರಿ. ಆಸ್ಪತ್ರೆಯ ಮಾತು ನಿಜವೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ದೊಡ್ಡ ಕಾಯಿಲೆ ಬಂದರೆ ನಾವು ಇವತ್ತಿಗೂ ಓಡುವುದು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ನಮಗಾದ ಪಾಡು ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನೀವೂ ಓದಿರಬಹುದು.

ಆದರೆ ಮಂಗಳೂರಿನ ಡಾಕ್ಟರು "ಇನ್ನು ಮನೆಗೆ ಕರೆದುಕೊಂಡು ಹೋಗಿ" ಅಂದ ಮೇಲೆ? ಅಲ್ಲಿಂದ ಮುಂದಿನದು ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಅಂದರೆ ಗುಣವಾಗದವರ ನೋವು ಕಡಿಮೆ ಮಾಡಿ ಆರೈಕೆ ಮಾಡುವ ನರ್ಸ್, ಅವರ ಕೆಲಸ. ಇದು ಬೇರೆ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಕೇರಳ ಸರಕಾರ 2008ರಲ್ಲೇ ಇದಕ್ಕೊಂದು ನೀತಿ ಮಾಡಿತು. ಗುಣವಾಗದ ಕಾಯಿಲೆಯವರ ಮನೆಗೇ ನರ್ಸ್ ಹೋಗಿ ನೋಡಬೇಕು, ಖರ್ಚು ಪಂಚಾಯತು ಕೊಡಬೇಕು. ರಾಜ್ಯ ಕೈಬಿಟ್ಟಿತು ಅಂತ ನಾವು ಕನ್ನಡದವರು ಆಗಾಗ ಗೊಣಗುತ್ತೇವೆ, ಅದಕ್ಕೆ ಕಾರಣವೂ ಇದೆ. ಆದರೆ ಈ ಒಂದು ವಿಷಯದಲ್ಲಿ ನನ್ನ ತಕರಾರಿಲ್ಲ.

ಬದಿಯಡ್ಕ, ಪೆರ್ಲ ಕಡೆ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಗುಡ್ಡೆಯ ಮೇಲೆ, ಇನ್ನೊಂದು ಅಡಿಕೆ ತೋಟದ ಆಚೆ. ಜೀಪು ಅರ್ಧ ದಾರಿಗೆ ನಿಲ್ಲುತ್ತದೆ, ಆಮೇಲೆ ಬ್ಯಾಗು ಹೊತ್ತು ನಡಿಗೆ. ಜತೆಗೆ ಆಶಾ ಕಾರ್ಯಕರ್ತೆ ಇದ್ದರೆ ಇದ್ದರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಹತ್ತುವುದು ಹೇಗೆ ಅಂತ ಅವರನ್ನೇ ಕೇಳಬೇಕು.

ಮನೆಯೊಳಗಿನ ಕೆಲಸ ಒಮ್ಮೆ ಹತ್ತಿರ ನಿಂತು ನೋಡಬೇಕು ನೀವು. ಸೊಂಟದ ಹತ್ತಿರ ಹಾಸಿಗೆ ಹುಣ್ಣಾದ ಅಜ್ಜಿ. ಒಂದೇ ಭಂಗಿಯಲ್ಲಿ ಮಲಗಿದರೆ ಒತ್ತಡಕ್ಕೆ ರಕ್ತ ಓಡದೆ ಚರ್ಮ ಸಾಯುತ್ತದೆ, ಒಳಗೆ ಎಲುಬು ಕಾಣುವಷ್ಟು ಆಳಕ್ಕೂ ಹೋಗಬಹುದು. ವಾಸನೆಗೆ ಮನೆಯವರೇ ಬಾಗಿಲ ಹತ್ತಿರ ನಿಂತಿರುತ್ತಾರೆ. ಸಿಸ್ಟರ್ "ಅಜ್ಜಿ, ಸ್ವಲ್ಪ ಈಚೆ ತಿರುಗಿ, ಉಂಡಿರಾ?" ಅಂತ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿಸುತ್ತಲೇ ಹಳೆ ಗಾಜ್ ತೆಗೆದು, ಸಲೈನ್‌ನಲ್ಲಿ ತೊಳೆದು, ಸತ್ತ ಭಾಗ ಬಿಡಿಸಿ, ಹೊಸ ಡ್ರೆಸ್ಸಿಂಗ್ ಮಾಡುತ್ತಾರೆ. ಮುಖದಲ್ಲಿ ಒಂದು ಗೆರೆ ಬದಲಾಗುವುದಿಲ್ಲ. ನನಗಂತೂ ಅಲ್ಲಿ ನಿಲ್ಲಲಾಗಲಿಲ್ಲ. ಆಮೇಲೆ ಕ್ಯಾಥೆಟರ್, ಅಂದರೆ ಮೂತ್ರದ ನಳಿಗೆ ಬದಲಿಸುವುದು, ಊಟ ಕೊಡುವ ಮೂಗಿನ ನಳಿಗೆ ನೋಡುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ ಅಂತ ಸೊಸೆಗೆ ಕಲಿಸುವುದೂ ಅವರೇ. ಆ ಸೊಸೆ ಅಳುವುದಿದ್ದರೆ ಅದೂ ಅವರ ಮುಂದೆಯೇ.

ಎಣ್ಮಕಜೆ ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳುವವರ ಮನೆಗಳಿವೆ. ಸರಕಾರಿ ಗೇರು ತೋಟಗಳಿಗೆ 2000ದವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದರು. ಅಂದು ಮಕ್ಕಳಾಗಿದ್ದವರು ಈಗ ದೊಡ್ಡವರು. ಕೆಲವರಿಗೆ ಇವತ್ತಿಗೂ ಊಟವನ್ನು ಬಾಯಿಗೇ ಇಡಬೇಕು. ಎತ್ತಿ ಮಲಗಿಸುತ್ತಿದ್ದ ಅಮ್ಮಂದಿರಿಗೆ ವಯಸ್ಸಾಯಿತು, ಸೊಂಟ ಹೋಯಿತು. ಸಿಸ್ಟರ್ ಅಲ್ಲಿಗೆ ಹೋದರೆ ಅಮ್ಮನ ಬಿಪಿಯನ್ನೂ ನೋಡಿ ಬರಬೇಕಾಗುತ್ತದೆ.

ಇಷ್ಟೆಲ್ಲ ಮಾಡುವವರ ಕೆಲಸ ಬಹುತೇಕ ಕಡೆ ಗುತ್ತಿಗೆಯದ್ದು. ಮೇ 12ರ ನರ್ಸ್‌ಗಳ ದಿನಕ್ಕೆ ಗುಲಾಬಿ ಕೊಟ್ಟು "ದೇವತೆ" ಅಂತ ಭಾಷಣ ಮಾಡುವವರು ಈ ಗುತ್ತಿಗೆಯ ಬಗ್ಗೆ ಮಾತೆತ್ತುವುದಿಲ್ಲ. ದೇವತೆಗೆ ಸಂಬಳ ಬೇಡ ಅಲ್ವಾ! ನನ್ನ ಕೇಳಿದರೆ ಗುಲಾಬಿ ಬಿಟ್ಟು ಕೆಲಸ ಕಾಯಂ ಮಾಡಲಿ.

ನಿಮ್ಮ ಚಿಕ್ಕಮ್ಮನ ಮನೆ ಇಲ್ಲೇ ಅಂದಿರಿ. ಅಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರಿಗೆ ಹೇಳಿ. ಸಿಸ್ಟರ್ ಬರುವ ದಿನ ನಾಯಿಯನ್ನು ಕಟ್ಟಿ ಹಾಕಲಿ, ಬಿಸಿನೀರು, ಸಾಬೂನು, ಒಗೆದ ಹಳೆ ಹತ್ತಿ ಬಟ್ಟೆ ಎತ್ತಿಡಲಿ. ಮೂತ್ರದ ಚೀಲ ದಿನಕ್ಕೆ ಎಷ್ಟು ತುಂಬಿತು ಅಂತ ಚೀಟಿಯಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಚಹಾ ಮಾಡಿದರೆ ಕುಡಿಯಲು ಪುರುಸೊತ್ತು ಇರುವುದಿಲ್ಲ, ಮುಂದಿನ ಮನೆಯವರು ಕಾಯುತ್ತಿರುತ್ತಾರೆ.