ಓದುಗರ ಪ್ರಶ್ನೆ: ಆ ಕಣ್ಣು ಯಾರ್ದು?

ಪ್ರಶ್ನೆ: ರಷ್ಯನ್ 'ಹ್ಯಾಮ್ಲೆಟ್' ನೋಡ್ದೆ. ಹೀರೋ ಯಾರು ಸಾರ್? ಆ ಕಣ್ಣು ಮರೆಯಕ್ಕೇ ಆಗ್ತಿಲ್ಲ.

ಉತ್ತರ: ಇನ್ನೊಕೆಂತಿ ಸ್ಮೊಕ್ತುನೋವ್ಸ್ಕಿ. ಹೆಸರು ತಡವರಿಸದೆ ಹೇಳಕ್ಕೆ ನಂಗೇ ಒಂದು ವಾರ ಬೇಕಾಯ್ತು. ಪಿಕ್ಚರ್ 1964ರದ್ದು, ಡೈರೆಕ್ಟರ್ ಗ್ರಿಗೋರಿ ಕೋಜಿಂತ್ಸೆವ್, ಮ್ಯೂಸಿಕ್ ಶೊಸ್ತಕೋವಿಚ್. ಮರುವರ್ಷ ಈತನಿಗೆ ಲೆನಿನ್ ಪ್ರಶಸ್ತಿನೂ ಬಂತು. ಅಬ್ಬರ ಇಲ್ಲ, ಕಿರುಚಾಟ ಇಲ್ಲ, ಸುಮ್ನೆ ನಿಂತು ನೋಡ್ತಾನೆ ಅಷ್ಟೇ, ನಮ್ಗೆ ಎದೆ ಝಲ್ ಅನ್ನುತ್ತೆ.

ಪ್ರಶ್ನೆ: ದೊಡ್ಡ ಮನೆತನದವನಾ? ಮುಖದಲ್ಲಿ ರಾಜಕಳೆ ಇದೆಯಲ್ಲ!

ಉತ್ತರ: ಎಲ್ಲಿಯ ರಾಜಕಳೆ ಮಾರಾಯ್ರೆ, 1925ರಲ್ಲಿ ಸೈಬೀರಿಯಾದ ತತ್ಯಾನೊವ್ಕಾ ಅನ್ನೋ ಹಳ್ಳೀಲಿ ಹುಟ್ಟಿದ ಹುಡುಗ, ಮನೇಲಿ ಊಟಕ್ಕೆ ಗತಿಯಿಲ್ದೆ ಕ್ರಾಸ್ನೊಯಾರ್ಸ್ಕ್‌ನಲ್ಲಿದ್ದ ಚಿಕ್ಕಮ್ಮನ ಹತ್ರ ಬೆಳೆದೋನು. ಮಹಾಯುದ್ಧಕ್ಕೆ ಹೋದ, ಕುರ್ಸ್ಕ್ ಕದನ ನೋಡ್ದ, ದ್ನೀಪರ್ ಹೊಳೆ ದಾಟ್ದ, 1943ರ ಡಿಸೆಂಬರ್‌ನಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದ. ಒಂದು ತಿಂಗಳ ಮೇಲೆ ಹೇಗೋ ತಪ್ಪಿಸ್ಕೊಂಡು ಓಡ್ದೋನನ್ನ ಒಂದು ಉಕ್ರೇನಿಯನ್ ಕುಟುಂಬ ಮನೇಲಿ ಬಚ್ಚಿಟ್ಟು ಕಾಪಾಡ್ತು, ಸಿಕ್ಕಿಬಿದ್ದಿದ್ರೆ ಅವ್ರ ತಲೆನೂ ಉಳೀತಿರ್ಲಿಲ್ಲ. ಆಮೇಲೆ ಗೆರಿಲ್ಲಾಗಳ ಜೊತೆ ಸೇರಿ ಮತ್ತೆ ಯುದ್ಧ!

ಇಷ್ಟೆಲ್ಲಾ ಆದ್ಮೇಲೆ ಹಾರ ಹಾಕಿ ಕರ್ಕೊಂಡ್ರಾ? ಇಲ್ಲ. ಸ್ಟಾಲಿನ್ ಕಾಲದಲ್ಲಿ ಶತ್ರು ಕೈಗೆ ಸಿಕ್ಕಿ ವಾಪಸ್ ಬಂದೋನು ಅಂದ್ರೇನೇ ಅನುಮಾನ. ಅದಕ್ಕೇ 1946ರಲ್ಲಿ ಧ್ರುವವೃತ್ತದ ಆಚೆಗಿರೋ ನೊರಿಲ್ಸ್ಕ್‌ಗೆ ತಾನಾಗೇ ಹೋದ, ಕೈದಿಗಳು ಕಟ್ಟಿದ ಊರದು, ಅಲ್ಲಿಗಿಂತ ದೂರ ಇನ್ನೆಲ್ಲಿಗೆ ಕಳಿಸ್ತಾರೆ ಹೇಳಿ. ಅಲ್ಲಿನ ನಾಟಕ ಥಿಯೇಟರಲ್ಲಿ ಸುಮಾರು ಐದು ವರ್ಷ ಆಕ್ಟಿಂಗ್. ಸ್ಮೊಕ್ತುನೋವಿಚ್ ಅನ್ನೋ ಹೆಸರು ಸ್ಮೊಕ್ತುನೋವ್ಸ್ಕಿ ಆಗಿದ್ದೂ ಅಲ್ಲೇ. ಯುದ್ಧದಲ್ಲಿ ಗೆದ್ದ ಒಂದು ಪದಕ ಇವನ ಕೈಗೆ ಸೇರಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನ ಹಿಡೀತು. ಸರ್ಕಾರಿ ಫೈಲು ಎಲ್ಲಾ ದೇಶದಲ್ಲೂ ಒಂದೇ ಸ್ಪೀಡು ಬಿಡಿ.

ದೆಸೆ ತಿರುಗಿದ್ದು 1957ರ ಕೊನೇಲಿ. ಲೆನಿನ್‌ಗ್ರಾಡಲ್ಲಿ ತೊವ್‌ಸ್ತೊನೋಗೊವ್ ಮಾಡಿಸಿದ ದಾಸ್ತೊಯೆವ್ಸ್ಕಿಯ 'ಈಡಿಯಟ್' ನಾಟಕದಲ್ಲಿ ಪ್ರಿನ್ಸ್ ಮಿಶ್ಕಿನ್ ಅನ್ನೋ ಮುಗ್ಧ, ಸಾಧು ನಾಯಕನ ಪಾತ್ರ. ಈತನ ಕಣ್ಣು ನೋಡೇ ತೊವ್‌ಸ್ತೊನೋಗೊವ್ ಆ ಪಾತ್ರ ಕೊಟ್ಟಿದ್ದು ಅಂತ ಕಥೆ ಇದೆ, ನಾನಂತೂ ನಂಬ್ತೀನಿ. ಸಾವನ್ನ ಅಷ್ಟು ಹತ್ರದಿಂದ ನೋಡಿದೋನು ಸ್ಟೇಜ್ ಮೇಲೆ ಅಷ್ಟು ಮೆತ್ತಗೆ ಇರ್ತಾನಲ್ಲ, ಅದು ಆಕ್ಟಿಂಗ್ ಸ್ಕೂಲಲ್ಲಿ ಕಲಿಸೋ ವಿದ್ಯೆ ಅಲ್ಲ.

ಪ್ರಶ್ನೆ: ಬರೀ ಗಂಭೀರ ಪಾತ್ರಗಳೇನಾ?

ಉತ್ತರ: 1966ರ 'ಬಿವೇರ್ ಆಫ್ ದಿ ಕಾರ್' ನೋಡಿ, ರ್ಯಾಜಾನೊವ್ ಡೈರೆಕ್ಷನ್. ಅದ್ರಲ್ಲಿ ಇವ್ನು ಇನ್ಶೂರೆನ್ಸ್ ಏಜೆಂಟ್, ಲಂಚಕೋರರ ಕಾರ್ ಕದ್ದು ಮಾರಿ ದುಡ್ಡನ್ನ ಅನಾಥಾಶ್ರಮಕ್ಕೆ ಕಳಿಸ್ತಾನೆ. ಸಂಜೆ ಹವ್ಯಾಸಿ ನಾಟಕ ತಂಡದಲ್ಲಿ ಮಾಡೋ ಪಾತ್ರ ಯಾವ್ದು ಗೊತ್ತಾ, ಹ್ಯಾಮ್ಲೆಟ್! ಎರಡು ವರ್ಷದ ಹಿಂದೆ ತಾನೇ ಜಗತ್ತಿಗೆ ತೋರಿಸಿದ್ದನ್ನ ತಾನೇ ಗೇಲಿ ಮಾಡ್ಕೊಳ್ಳಕ್ಕೆ ಗುಂಡಿಗೆ ಬೇಕು. ಇವನನ್ನ ಹಿಡಿಯೋ ಅಧಿಕಾರಿ ಒಲೆಗ್ ಯೆಫ್ರೆಮೊವ್, ಸ್ಟೇಜಲ್ಲಿ ಕತ್ತಿ ಹಿಡಿದು ಎದುರು ನಿಲ್ಲೋ ಲೆಯರ್ಟಿಸೂ ಅವ್ನೇ. ತಮಾಷೆ ಏನಂದ್ರೆ ಹತ್ತು ವರ್ಷ ಆದ್ಮೇಲೆ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಈ ಯೆಫ್ರೆಮೊವ್ನೇ ಇವ್ನಿಗೆ ಬಾಸ್ ಆದ.

ಪ್ರಶ್ನೆ: ರಷ್ಯನ್ ಡೈರೆಕ್ಟರ್ ತಾರ್ಕೊವ್ಸ್ಕಿ ಪಿಕ್ಚರಲ್ಲೂ ಇದ್ದಾನಂತೆ, ಎಷ್ಟು ಹುಡುಕಿದ್ರೂ ಕಾಣ್ಲಿಲ್ಲ.

ಉತ್ತರ: ಕಾಣಲ್ಲ. 1975ರ 'ಮಿರರ್' ಅದು, ಕಥೆ ಹೇಳೋ ಧ್ವನಿ ಮಾತ್ರ ಇವನದು. ಕಣ್ಣು ಮುಚ್ಚಿ ಕೇಳಿ.