ಓದುಗರ ಪ್ರಶ್ನೆ, ಟೀಚರ್ ಉತ್ತರ: ‘ಒಳ್ಳೇದೇ ಬಿಡವ್ವ’ ಅಂದರೆ ಏನರ್ಥ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವಳು. ಬಿ.ಎ. ಕೊನೆಯ ವರ್ಷ. ಪ್ರಾಜೆಕ್ಟಿಗಾಗಿ ನಮ್ಮೂರಿನ 60 ಮನೆಗಳಲ್ಲಿ ಎಐ (ಕೃತಕ ಬುದ್ಧಿಮತ್ತೆ) ಬಗ್ಗೆ ಸರ್ವೆ ಮಾಡಬೇಕು. ‘ಎಐ ಒಳ್ಳೆಯದೋ ಕೆಟ್ಟದ್ದೋ? ಅದರಿಂದ ಅಪಾಯ ಇದೆಯೋ ಇಲ್ಲವೋ?’ ಅಂತ ಕೇಳುತ್ತಿದ್ದೇನೆ. 11 ಮನೆ ಮುಗಿದಿವೆ. ಎಲ್ಲರೂ ‘ಒಳ್ಳೇದೇ ಬಿಡವ್ವ’ ಅಂದರು. ಜನರ ಮನಸ್ಸಿನಲ್ಲಿ ಇರೋದು ಹೇಗೆ ತಿಳಿಯೋದು ಟೀಚರ್?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ತಂಗಿ, 11ನೇ ಮನೆಗೇ ನಿಂತು ಯೋಚನೆ ಮಾಡಿದೆಯಲ್ಲ, ತುಂಬಾ ಖುಷಿಯಾಯಿತು. 60 ಮನೆಯನ್ನೂ ಮುಗಿಸಿ ‘ಊರಿನವರೆಲ್ಲ ಎಐ ಒಪ್ಪಿದ್ದಾರೆ’ ಅಂತ ಬರೆದುಬಿಡುವವರೇ ಜಾಸ್ತಿ. ‘ಒಳ್ಳೇದೇ ಬಿಡವ್ವ’ ಅನ್ನೋದು ಎಐ ಬಗ್ಗೆ ಹೇಳಿದ ಮಾತಲ್ಲ. ಬಾಗಿಲಿಗೆ ಬಂದ ಹುಡುಗಿಯನ್ನು ಬರಿಗೈಲಿ ಕಳಿಸಬಾರದು ಅಂತ ಕೊಟ್ಟ ಉತ್ತರ. ತಪ್ಪು ಇರೋದು ಪ್ರಶ್ನೆಯಲ್ಲಿ. ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ.

2010ರ ಮಾತು. ಆಗ ನಾನು ಧಾರವಾಡದಲ್ಲಿ 9ನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಎಲ್ಲೆಲ್ಲೂ ಬಿಟಿ ಬದನೆಯ ಸುದ್ದಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಬದನೆಗೆ ಸೇರಿಸಿದ್ದರು. ಕಾಯಿ ಕೊರೆಯುವ ಹುಳ ಅದನ್ನು ತಿಂದರೆ ಸಾಯುತ್ತದೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞರ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ನಾನು ತರಗತಿಯಲ್ಲಿ ಕೇಳಿದೆ: ‘ಔಷಧಿ ಹೊಡೆಯೋದು ಕಮ್ಮಿ ಆಗುವ ಬದನೆ ಬಂದರೆ ತಿಂತೀರಾ?’ 42 ಮಕ್ಕಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕೈ ಎತ್ತಿದರು. ಮರುದಿನ ಅದನ್ನೇ ಬೇರೆ ಥರ ಕೇಳಿದೆ: ‘ಹುಳ ಸಾಯಿಸುವ ಗುಣ ಕಾಯಿಯ ಒಳಗೇ ಇದೆ. ತಿಂತೀರಾ?’ ಮೇಲೆದ್ದಿದ್ದು ಐದೋ ಆರೋ ಕೈ. ಬದನೆ ಅದೇ, ಮಕ್ಕಳೂ ಅವರೇ. ನಾನು ಕೇಳಿದ್ದು ಅವರ ಅಭಿಪ್ರಾಯ ಅಂದುಕೊಂಡಿದ್ದೆ. ಎರಡು ದಿನವೂ ನನಗೆ ವಾಪಸ್ ಬಂದಿದ್ದು ನನ್ನ ಮಾತೇ.

ನಮ್ಮ ಬೀದಿಯಲ್ಲಿ ಸೊಪ್ಪು, ಬದನೆ ಮಾರಲು ಬರುತ್ತಿದ್ದ ಒಬ್ಬ ಅಜ್ಜಿಗೂ ಇದನ್ನೇ ಕೇಳಿದೆ. ಅವರಿಗೆ ಸ್ವಂತ ಅರ್ಧ ಎಕರೆ ತೋಟ ಇತ್ತು. ಅವರು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ‘ಬೀಜ ನಾನs ಎತ್ತಿಟ್ಕೊಬಹುದೇನ್ರಿ?’ ಅಂದರು. ಎಷ್ಟು ಒಳ್ಳೆಯ ಪ್ರಶ್ನೆ ನೋಡು! ಅದಕ್ಕೆ ಆಗ ಎರಡು ಉತ್ತರ ಇದ್ದವು. ಮಹಿಕೊ ಅನ್ನೋ ಬೀಜ ಕಂಪನಿಯ ಹೈಬ್ರಿಡ್ ಆದರೆ ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಾಟಿ ತಳಿಗಳಲ್ಲಿ ಮಾಡಿದ್ದಾದರೆ ಎತ್ತಿಟ್ಟುಕೊಳ್ಳಬಹುದು. ಅಜ್ಜಿಯ ಅಭಿಪ್ರಾಯ ನಿಂತಿದ್ದೇ ಆ ಒಂದು ಸಂಗತಿಯ ಮೇಲೆ. ಬೇಕು–ಬೇಡ ಅಂತ ಎರಡೇ ಚೌಕ ಇರುವ ಕಾಗದದಲ್ಲಿ ಅದನ್ನು ಎಲ್ಲಿ ಬರೆಯೋದು?

ಆಗ ಪರಿಸರ ಸಚಿವರಾಗಿದ್ದವರು ಜೈರಾಮ್ ರಮೇಶ್. ತಜ್ಞರು ಒಪ್ಪಿದರೂ ಅವರು ತಡೆದು, 7 ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೋಲ್ಕತ್ತದಲ್ಲಿ ಶುರುವಾಗಿ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಮುಗಿಯಿತು. ಒಟ್ಟು ಸುಮಾರು 8,000 ಜನ ಬಂದಿದ್ದರು. ನಾನೂ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ರೈತರು, ವಿಜ್ಞಾನಿಗಳು, ಡಾಕ್ಟರುಗಳು, ಬೀಜ ಕಂಪನಿಯವರು ಎಲ್ಲರೂ ಇದ್ದರು. ನನ್ನ ಸರದಿ ಬರಲೇ ಇಲ್ಲ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬೇರೆಯದಕ್ಕೆ. ಅಜ್ಜಿಯ ಪ್ರಶ್ನೆಯನ್ನು ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅದು ನನ್ನ ಚೀಲದಲ್ಲೇ ವಾಪಸ್ ಬಂತು. ಸಭೆಗೆ ಬರೋಕೆ ಆಗದವರ ಮಾತು ಸಭೆಯಲ್ಲಿ ಕೇಳಿಸೋದು ಕಷ್ಟ. ಆದರೆ ನೀನು ಮನೆಗೇ ಹೋಗುತ್ತಿದ್ದೀಯ. ಅದು ದೊಡ್ಡ ಅನುಕೂಲ ತಂಗಿ.

ಮೂರು ದಿನದ ಮೇಲೆ, ಫೆಬ್ರುವರಿ 9ಕ್ಕೆ, ಸಚಿವರು ಬಿಟಿ ಬದನೆಗೆ ತಡೆ ಹಾಕಿದರು. ಆ ತೀರ್ಮಾನ ಸರಿಯೋ ತಪ್ಪೋ ಅಂತ ವಾದ ಇನ್ನೂ ಇದೆ. ಪಕ್ಕದ ಬಾಂಗ್ಲಾದೇಶ ಅದೇ ಬದನೆಗೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ನನಗೆ ಹಿಡಿಸಿದ್ದು ಒಂದು ವಿಷಯ. ಸಭೆಗಳಲ್ಲಿ ಬಂದ ಮಾತು, ರಾಜ್ಯಗಳ ಪತ್ರ, ವಿಜ್ಞಾನಿಗಳ ಪತ್ರ ಎಲ್ಲವನ್ನೂ ತೀರ್ಮಾನದ ಜೊತೆಗೇ ಪ್ರಕಟ ಮಾಡಿದರು. ಪರ ಇದ್ದದ್ದು, ವಿರೋಧ ಇದ್ದದ್ದು ಎರಡನ್ನೂ ಯಾರು ಬೇಕಾದರೂ ಓದಬಹುದಿತ್ತು.

ಈಗ ನಿನ್ನ ಕೆಲಸಕ್ಕೆ ಬರೋಣ. ‘ಎಐ’ ಅನ್ನೋ ಶಬ್ದವನ್ನು ಬದಿಗಿಡು. ಅವರ ದಿನದಲ್ಲಿ ನಡೆದದ್ದನ್ನು ಕೇಳು. ಫೋನಿಗೆ ಮಾತಾಡಿ ಏನಾದರೂ ಹುಡುಕಿದ್ದೀರಾ? ಬೆಳೆಗೆ ಬಂದ ರೋಗ ಏನು ಅಂತ ಫೋಟೊ ತೆಗೆದು ಕೇಳಿದ್ದೀರಾ? ಬಂದ ಉತ್ತರ ನಂಬಿ ಔಷಧಿ ತಂದಿರಾ? ಅದು ತಪ್ಪಾದರೆ ದುಡ್ಡು ಯಾರದ್ದು ಹೋಗುತ್ತೆ? ಯಾರ ಹತ್ತಿರ ಹೋಗಿ ಕೇಳ್ತೀರಿ? ಈ ಕೊನೆಯ ಎರಡು ಪ್ರಶ್ನೆ ಬಿಡಲೇಬೇಡ. ಅಪಾಯದ ಬಗ್ಗೆ ಜನ ಮಾತಾಡೋದು ಅಲ್ಲಿಂದಲೇ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ. ‘ಗೊತ್ತಿಲ್ಲ’ ಅನ್ನೋದಕ್ಕೂ ಒಂದು ಜಾಗ ಇರಲಿ, ಅದೂ ಒಂದು ಉತ್ತರವೇ. ಗಂಡಸರು ಕಟ್ಟೆಯ ಮೇಲೆ ಕೂತಿದ್ದಾಗ ಹೆಂಗಸರು ಬಾಗಿಲ ಹಿಂದಿನಿಂದ ‘ಅವರನ್ನs ಕೇಳ್ರಿ’ ಅಂತಾರೆ. ಮಧ್ಯಾಹ್ನ ಇನ್ನೊಮ್ಮೆ ಹೋಗು, ಅಡುಗೆಮನೆಯಲ್ಲಿ ಕೂತು ಮಾತಾಡು. ಎಲ್ಲಾದರೂ ಒಳ್ಳೆಯದು–ಕೆಟ್ಟದ್ದು ಅನ್ನೋ ಪ್ರಶ್ನೆ ಕೇಳಲೇಬೇಕಾದರೆ, ಅರ್ಧ ಮನೆಗಳಲ್ಲಿ ‘ಉಪಯೋಗ ಏನು’ ಅಂತ ಮೊದಲು ಕೇಳು, ಇನ್ನರ್ಧದಲ್ಲಿ ‘ಭಯ ಏನು’ ಅಂತ ಮೊದಲು ಕೇಳು. ಉತ್ತರ ಎಷ್ಟು ಬದಲಾಯಿತು ಅಂತ ನೋಡಿ ಅದನ್ನೂ ಪ್ರಾಜೆಕ್ಟಿನಲ್ಲಿ ಬರೆ.

ಎಲ್ಲ ಮುಗಿದ ಮೇಲೆ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಒಂದು ಸಂಜೆ ಎಲ್ಲರನ್ನೂ ಕರೆದು, ಏನು ಸಿಕ್ಕಿತು ಅಂತ ಓದಿ ಹೇಳು. ಹೆಸರು ಹೇಳಬೇಡ. ನಮ್ಮ ಜನ ಎಷ್ಟೋ ಸರ್ವೆಗಳಿಗೆ ಉತ್ತರ ಕೊಟ್ಟಿದ್ದಾರೆ. ‘ನೀವು ಹೇಳಿದ್ದು ಇದು’ ಅಂತ ವಾಪಸ್ ಬಂದು ಹೇಳಿದವರು ತೀರ ಕಮ್ಮಿ.

ಪ್ರಶ್ನೆ: ‘ಹೊಸ ತಂತ್ರಜ್ಞಾನದ ಬಗ್ಗೆ ಸರ್ವೆ’ ಅಂತ ನಮ್ಮ ಅತ್ತೆಗೆ ಫೋನ್ ಬರುತ್ತೆ. ಮೊನ್ನೆ ಆಧಾರ್ ನಂಬರ್ ಕೇಳಿದರಂತೆ. ಉತ್ತರ ಕೊಡಬಹುದಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬೇಡ. ಅಭಿಪ್ರಾಯ ಕೇಳುವವರಿಗೆ ಆಧಾರ್, ಒಟಿಪಿ, ಬ್ಯಾಂಕ್ ವಿವರ ಯಾಕೆ ಬೇಕು? ಕೇಳಿದ ಕೂಡಲೇ ಫೋನ್ ಇಟ್ಟುಬಿಡಲಿ. ಬೈದುಕೊಂಡಾರು ಅಂತ ಹಿರಿಯರು ಸಂಕೋಚ ಪಡುತ್ತಾರೆ, ‘ಏನೂ ತಪ್ಪಿಲ್ಲ ಅತ್ತೆ’ ಅಂತ ನೀವೇ ಧೈರ್ಯ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಪ್ರಶ್ನೆ: ಮಗನ ಶಾಲೆಯಲ್ಲಿ ಮುಖ ಗುರುತಿಸುವ ಕ್ಯಾಮೆರಾದಿಂದ ಹಾಜರಿ ತಗೊಳ್ತಾರಂತೆ. ‘ಪೋಷಕರ ಅಭಿಪ್ರಾಯ’ ಅಂತ ಒಂದು ಕಾಗದ ಕಳಿಸಿದ್ದಾರೆ. ಅದರಲ್ಲಿ ‘ಒಪ್ಪಿದ್ದೇನೆ’ ಅಂತ ಒಂದೇ ಚೌಕ ಇದೆ. ಏನು ಮಾಡಲಿ?
– ಒಬ್ಬ ತಂದೆ, ತುಮಕೂರು

ಉತ್ತರ: ಅದನ್ನು ಅಭಿಪ್ರಾಯ ಕೇಳೋದು ಅನ್ನೋಕೆ ಆಗಲ್ಲ ಸರ್. ಡಿಜಿಟಲ್ ವೈಯಕ್ತಿಕ ದತ್ತಾಂಶದ ಬಗ್ಗೆ 2023ರಲ್ಲಿ ಆದ ಕಾಯ್ದೆ ಒಪ್ಪಿಗೆ ಅಂದರೆ ಏನು ಅಂತ ಸ್ಪಷ್ಟವಾಗಿ ಹೇಳುತ್ತದೆ. ಒತ್ತಾಯ ಇರಬಾರದು. ಯಾವ ಕೆಲಸಕ್ಕೆ ಅಂತ ತಿಳಿಸಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೆ ಆಗಬೇಕು.

ಜಗಳ ಬೇಡ. ಅದೇ ಕಾಗದದ ಹಿಂದೆ ಬರೆದು ಕೊಡಿ: ಮಗುವಿನ ಮುಖದ ಚಿತ್ರ ಎಲ್ಲಿ ಇಡ್ತೀರಿ? ಶಾಲೆಯ ಕಂಪ್ಯೂಟರಿನಲ್ಲೋ, ಕಂಪನಿಯ ಹತ್ತಿರವೋ? ಮಗ ಶಾಲೆ ಬಿಟ್ಟ ಮೇಲೆ ಅಳಿಸ್ತೀರಾ? ಬಂದಿದ್ದರೂ ಕ್ಯಾಮೆರಾ ‘ಬಂದಿಲ್ಲ’ ಅಂದರೆ ಸರಿ ಮಾಡೋರು ಯಾರು? ನಾನು ಒಪ್ಪದಿದ್ದರೆ ಹಳೇ ಥರ ಹಾಜರಿ ಹಾಕ್ತೀರಾ? ಇನ್ನೂ ನಾಲ್ಕೈದು ಪೋಷಕರು ಸಹಿ ಹಾಕಿದರೆ ಒಳ್ಳೆಯದು.

31 ವರ್ಷ ನಾನು ಹಾಜರಿ ಕೂಗಿದವಳು. 40 ಹೆಸರಿಗೆ ಮೂರು ನಿಮಿಷ ಸಾಕಾಗುತ್ತಿತ್ತು. ‘ಎಸ್ ಮಿಸ್’ ಅನ್ನೋ ದನಿಯಲ್ಲೇ ಯಾವ ಮಗುವಿಗೆ ಜ್ವರ, ಯಾವ ಮಗು ಬೆಳಗ್ಗೆ ತಿಂಡಿ ತಿಂದು ಬಂದಿಲ್ಲ ಅಂತ ಗೊತ್ತಾಗುತ್ತಿತ್ತು. ಆ ಮೂರು ನಿಮಿಷ ಉಳಿಸಿ ಏನು ಮಾಡ್ತಾರೆ ಅಂತಲೂ ದಯವಿಟ್ಟು ಕೇಳಿ. ಉತ್ತರ ಬಂದರೆ ನನಗೂ ಬರೆದು ತಿಳಿಸಿ.