ಆ ನಾನೂರು ಜನರ ತಪ್ಪೇನಿತ್ತು?

"ಪ್ರಾಚೀನ ರೋಮ್‌ನ ಗುಲಾಮಗಿರಿ ಬಗ್ಗೆ ನಿಮ್ಮ ಲೇಖನ ಒಂದೇ ಕಡೆಗೆ ವಾಲಿದೆ. ಅಲ್ಲಿ ಗುಲಾಮರು ವೈದ್ಯರಾಗಿದ್ದರು, ಮೇಷ್ಟ್ರಾಗಿದ್ದರು, ಎಷ್ಟೋ ಜನ ಬಿಡುಗಡೆಯನ್ನೂ ಪಡೆದರು. ಆ ಕಾಲವನ್ನು ಇವತ್ತಿನ ಕಣ್ಣಲ್ಲಿ ನೋಡಬಾರದು."
– ಒಬ್ಬ ಓದುಗರು, ಶಿವಮೊಗ್ಗ

ಇಷ್ಟು ಓದಿಕೊಂಡು ಜಗಳಕ್ಕೆ ಬರುವವರು ಈಗ ಕಡಿಮೆ. ಹಾಗಾಗಿ ನಿಮ್ಮ ಪತ್ರ ನೋಡಿ ಖುಷಿಯಾಯಿತು. ನೀವು ಹೇಳಿದ್ದು ಸುಳ್ಳೂ ಅಲ್ಲ. ರೋಮ್‌ನ ಹೆಸರಾಂತ ಭಾಷಣಕಾರ ಸಿಸೆರೋನ ಬರಹದ ಕೆಲಸ ನೋಡುತ್ತಿದ್ದ ಗುಲಾಮ ಟೈರೋಗೆ ಕ್ರಿ.ಪೂ. 53ರಲ್ಲಿ ಬಿಡುಗಡೆ ಸಿಕ್ಕಿತು. ಗುಲಾಮನಾಗಿದ್ದ ಎಪಿಕ್ಟೆಟಸ್ ದೊಡ್ಡ ತತ್ವಜ್ಞಾನಿಯಾದ. ಆದರೆ ಇವರೆಲ್ಲ ಅಕ್ಷರ ಬಲ್ಲವರು, ದೊಡ್ಡವರ ಮನೆಯೊಳಗೆ ಇದ್ದವರು. ಸ್ಪೇನಿನ ಬೆಳ್ಳಿ ಗಣಿಗಳಲ್ಲಿ ಸತ್ತ ಗುಲಾಮರ ಹೆಸರು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇನ್ನು ಆ ಕಾಲದ ಕಣ್ಣಿನ ಮಾತು. ಯಾರ ಕಣ್ಣು, ಸ್ವಾಮಿ?

ಕ್ರಿ.ಶ. 61ರಲ್ಲಿ ರೋಮ್ ನಗರದ ಅಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಒಡೆಯನನ್ನು ಗುಲಾಮ ಕೊಂದರೆ ಆ ಸೂರಿನಡಿ ಇದ್ದ ಎಲ್ಲ ಗುಲಾಮರಿಗೂ ಸಾವು ಎಂಬುದು ಪದ್ಧತಿ. ಆ ಮನೆಯಲ್ಲಿ 400 ಜನರಿದ್ದರು. ಹೆಂಗಸರು, ಮಕ್ಕಳು, ಏನೂ ಅರಿಯದವರು. ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ನಲ್ಲಿ ಕ್ಯಾಸಿಯಸ್ ಎಂಬ ಕಾನೂನು ಪಂಡಿತ ಎದ್ದು, ಭಯವಿಲ್ಲದೆ ಗುಲಾಮರನ್ನು ಹದ್ದುಬಸ್ತಿನಲ್ಲಿಡಲು ಆಗದು ಎಂದು ವಾದಿಸಿದ. ಅವನೇ ಗೆದ್ದ. ಆಗ ಬೀದಿಗಿಳಿದದ್ದು ಯಾರು ಗೊತ್ತಾ? ರೋಮ್‌ನ ಸಾಮಾನ್ಯ ಜನ! ಕಲ್ಲು, ಪಂಜು ಹಿಡಿದು ಅಡ್ಡ ನಿಂತರು. ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ ಅಷ್ಟೂ ಜನರನ್ನು ಸಾಯಿಸಿದ. ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಇದು ಅನ್ಯಾಯ ಅಂತ ಆ ಕಾಲದವರಿಗೇ ಅನ್ನಿಸಿತ್ತು, ಅಲ್ವಾ?

ಮುದಿ ಎತ್ತುಗಳ ಜೊತೆ ಮುದಿ ಗುಲಾಮನನ್ನೂ ಮಾರಿಬಿಡಿ ಎಂದು ರೋಮ್‌ನ ರಾಜಕಾರಣಿ ಕೇಟೋ ತನ್ನ ಕೃಷಿ ಪುಸ್ತಕದಲ್ಲಿ ಬರೆದ. ಅದನ್ನು ಓದಿ ನೊಂದವನು ರೋಮ್ ಆಳ್ವಿಕೆಯಲ್ಲೇ ಬದುಕಿದ್ದ ಗ್ರೀಕ್ ಲೇಖಕ ಪ್ಲೂಟಾರ್ಕ್. ನನಗಾಗಿ ದುಡಿದ ಎತ್ತನ್ನೇ ನಾನು ಮಾರಲಾರೆ, ಇನ್ನು ಮನುಷ್ಯನನ್ನು ಮಾರುವುದೇ ಎಂದು ಅವನು ಕೇಳಿದ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಚಕ್ರವರ್ತಿಗಳ ಹೆಸರು ಉರು ಹೊಡೆಸಿ, ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ಗೆ ಒಂದು ಸಾಲು ಕೊಟ್ಟು ಮುಗಿಸುವ ಪಾಠಗಳ ಮೇಲೆ. ನಮಗೆ ಬರುವ ಪ್ರವಾಸ ಕಥನಗಳೂ ಹಾಗೇ, ರೋಮ್‌ನ ಕೊಲೋಸಿಯಂ ಮುಂದೆ ನಿಂತು ಬೆರಗಾಗುವುದೇ ಜಾಸ್ತಿ. ಅದೇ ಊರಿನ ಮ್ಯೂಸಿಯಂನಲ್ಲಿ ಒಂದು ಕಬ್ಬಿಣದ ಕೊರಳಪಟ್ಟಿ ಇದೆ. ನಾನು ಓಡಿಹೋಗಿದ್ದೇನೆ, ಹಿಡಿಯಿರಿ, ಒಡೆಯ ಜೋನಿನಸ್‌ಗೆ ಒಪ್ಪಿಸಿದರೆ ಚಿನ್ನದ ನಾಣ್ಯ ಸಿಗುತ್ತದೆ ಎಂದು ಅದರ ಬಿಲ್ಲೆಯ ಮೇಲೆ ಬರೆದಿದೆ. ಒಡೆಯನ ಹೆಸರಿದೆ, ತೊಟ್ಟವನದ್ದಿಲ್ಲ. ರೋಮ್‌ಗೆ ಹೋಗುವ ಓದುಗರು ಅದನ್ನೂ ನೋಡಿ ಬಂದು ಬರೆಯಿರಿ. ಎಷ್ಟು ಪುಟ ಬೇಕಾದರೂ ಕೊಡುತ್ತೇನೆ.

– ಸಂ.